ಮಾಳಿಗೆಗೆ ಒಂದು ಗೋಡೆ

ಏಪ್ರಿಲ್ ಬಂತೆಂದರೆ ಬಳ್ಳಾರಿಯ ಅರ್ಧ ಊರು ಮಾಳಿಗೆ ಮೇಲೆ ಮಲಗುತ್ತದೆ. ಬಿಸಿಲು 40 ಡಿಗ್ರಿ ದಾಟಿದ ದಿನ ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ. ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಸುತ್ತುತ್ತದೆ. ಚಾಪೆ, ದಿಂಬು, ನೀರಿನ ತಂಬಿಗೆ ಹಿಡಿದು ಹುಡುಗರು ಮೊದಲು ಹತ್ತುತ್ತಾರೆ, ದೊಡ್ಡವರು ಆಮೇಲೆ.

ನಮ್ಮ ಮಾವ ಗೌಂಡಿ ಕೆಲಸ ಮಾಡಿದವರು. ಯಾರ ಮನೆ ಕಟ್ಟಿದರೂ ಮಾಳಿಗೆ ಸುತ್ತ ಗೋಡೆ ಎಬ್ಬಿಸದೆ ಕೆಲಸ ಬಿಡುತ್ತಿರಲಿಲ್ಲ. "ದುಡ್ಡು ಸಾಲವಲ್ದು ಮೇಸ್ತ್ರಿ, ಗೋಡಿ ಮುಂದಿನ ವರ್ಷ ನೋಡೋಣ" ಅಂದವರಿಗೆ, "ಬಣ್ಣ ಮುಂದಿನ ವರ್ಷ ಹಚ್ಚಸ್ರೀ, ಗೋಡಿ ಈಗ ಕಟ್ಟಸ್ರೀ" ಅನ್ನುತ್ತಿದ್ದರು. ಅವರಿಗೆ ಓದು ಅಷ್ಟಕ್ಕಷ್ಟೆ. ಆದರೆ ಬೈಬಲಿನ ಧರ್ಮೋಪದೇಶಕಾಂಡದ 22ನೇ ಅಧ್ಯಾಯದ ಎಂಟನೇ ವಚನ ಬಾಯಿಪಾಠ ಬರುತ್ತಿತ್ತು. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತಲೂ ಗೋಡೆ ಕಟ್ಟಬೇಕು, ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ಪಾಪ ನಿನ್ನ ಮನೆಗೆ ತಟ್ಟುತ್ತದೆ ಅನ್ನುವುದು ಅದರ ಸಾರ.

ನೆರೆಯವರನ್ನು ಪ್ರೀತಿಸಬೇಕು ಅನ್ನುವ ಮಾತು ಬಂದಾಗೆಲ್ಲ ನನಗೆ ಮೊದಲು ನೆನಪಾಗುವುದು ಈ ವಚನ. ಇದರಲ್ಲಿ ಪ್ರೀತಿ ಅನ್ನುವ ಮಾತೇ ಇಲ್ಲ. ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ. ನಿನ್ನ ಮನೆಗೆ ಬಂದ ಕೂಸು ನಿನ್ನ ಮಾಳಿಗೆಯಿಂದ ಬೀಳಬಾರದು, ಅಷ್ಟೇ. ಅದಕ್ಕೆ ಇಟ್ಟಿಗೆ ಬೇಕು, ಸಿಮೆಂಟು ಬೇಕು, ಎರಡು ದಿನದ ಕೂಲಿ ಬೇಕು. ಮುಗಿದ ಮೇಲೆ ಯಾರೂ ಬಂದು ಥ್ಯಾಂಕ್ಸ್ ಹೇಳುವುದಿಲ್ಲ. ಬೀಳದೆ ಉಳಿದ ಮಗುವಿಗೆ ತಾನು ಉಳಿದೆ ಅಂತಲೂ ಗೊತ್ತಾಗುವುದಿಲ್ಲ.

ನಾವು ಕ್ರೈಸ್ತರು ಪ್ರೀತಿಯ ಬಗ್ಗೆ ಜಾಸ್ತಿ ಮಾತಾಡುತ್ತೇವೆ. ಹಾಡುತ್ತೇವೆ, ಗೋಡೆಗೆ ಕ್ಯಾಲೆಂಡರ್ ತೂಗುಹಾಕುತ್ತೇವೆ. ನಾನೂ ಹಾಡುತ್ತೇನೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಪಕ್ಕದವರಿಗೆ ನಿಜಕ್ಕೂ ಏನು ಬೇಕು ಅಂತ ನೋಡಿ, ಅದನ್ನು ಅವರಿಗೆ ಬೇಕಾದ ರೀತಿಯಲ್ಲಿ ಮಾಡಿ, ಆಮೇಲೆ ಅದಕ್ಕೆ ಲೆಕ್ಕ ಇಡದೆ ಇರುವುದು ಬೇರೆಯೇ ಕೆಲಸ. ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅನಿಸಿತ್ತು.

ಮೊದಲು ಮನೆ.

ಹೊರಗಿನವರನ್ನು ಪ್ರೀತಿಸುವುದು ಸುಲಭ ಅಂತ ನಾನು ನಂಬಿದ್ದೇನೆ. ಅವರು ಒಂದು ತಾಸು ಬಂದು ಹೋಗುತ್ತಾರೆ. ಅವರೆದುರು ಒಳ್ಳೆಯವರಾಗಿರಲು ಒಂದು ತಾಸು ಸಾಕು. ಮನೆಯವರು ಹಾಗಲ್ಲ. ರಾತ್ರಿ ಎರಡಕ್ಕೂ ಇರುತ್ತಾರೆ, ಬೆಳಿಗ್ಗೆ ಆರಕ್ಕೂ ಇರುತ್ತಾರೆ.

ನಮ್ಮ ಅತ್ತೆಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಹಾಸಿಗೆ ಹಿಡಿದವರ ಆರೈಕೆ ಅಂದರೇನು ಅಂತ ಮಾಡಿದವರಿಗೇ ಗೊತ್ತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತದೆ. ಮಲಗಿಸಿ ಉಣಿಸಬಾರದು. ಎಬ್ಬಿಸಿ, ದಿಂಬು ಒತ್ತುಕೊಟ್ಟು ಕೂರಿಸಿ, ಗಂಜಿಯನ್ನು ಸ್ವಲ್ಪ ಗಟ್ಟಿ ಮಾಡಿ ಸಣ್ಣ ಚಮಚದಲ್ಲಿ ಕೊಡಬೇಕು. ಅವಸರ ಮಾಡಿದರೆ ನೆತ್ತಿಗೇರುತ್ತದೆ. ಉಂಡ ಮೇಲೂ ಅರ್ಧ ತಾಸು ಹಾಗೇ ಕೂತಿರಬೇಕು. ಬಿದ್ದ ಕೈಯ ಬೆರಳುಗಳನ್ನು ದಿನಾ ಬಿಡಿಸಿ ಮಡಚಿ ಮಾಡದಿದ್ದರೆ ಮುಷ್ಟಿ ಬಿಗಿದು ಹಾಗೇ ಉಳಿಯುತ್ತದೆ.

ಇದಿಷ್ಟೂ ಕಲಿಯಬಹುದು. ಕಷ್ಟವಾಗುವುದು ಬೇರೆ. ಅತ್ತೆ ಒಂದೇ ಮಾತನ್ನು ದಿನಕ್ಕೆ ಎಷ್ಟೋ ಸಲ ಕೇಳುತ್ತಾರೆ. "ಬ್ಯಾಸರಾಗೇತೇನವ್ವಾ ನಿನಗ?" ಅಂತ. ಆ ಪ್ರಶ್ನೆಗೆ ಒಂದೊಂದು ಸಲವೂ ಮೊದಲ ಸಲ ಕೇಳಿದ ಹಾಗೆ ಉತ್ತರ ಕೊಡಬೇಕು. ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿ ಪ್ರೀತಿ ಎಂಥದು ಅಂತ ಹೇಳುವಾಗ, ಪ್ರೀತಿ ಬಹು ತಾಳ್ಮೆಯುಳ್ಳದ್ದು ಅಂತ ಶುರು ಮಾಡುತ್ತಾನೆ. ಮದುವೆಗಳಲ್ಲಿ ಓದುವ ವಾಕ್ಯ ಅದು. ನನಗೆ ಅದು ಹಾಸಿಗೆ ಪಕ್ಕದಲ್ಲಿ ಓದಬೇಕಾದ ವಾಕ್ಯ ಅನಿಸುತ್ತದೆ.

ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿ ಯೇಸು ಸಿಟ್ಟಿಗೇಳುವ ಒಂದು ಜಾಗವಿದೆ. ಆ ಕಾಲದಲ್ಲಿ ಕೆಲವರು ತಂದೆತಾಯಿಗೆ ಕೊಡಬೇಕಾದದ್ದನ್ನು 'ಕೊರ್ಬಾನ್' ಅಂದುಬಿಡುತ್ತಿದ್ದರು. ಇದು ದೇವರಿಗೆ ಮುಡಿಪು, ಇನ್ನು ನಿಮಗೆ ಕೊಡಲು ಬರುವುದಿಲ್ಲ ಅಂತ. ದೇವರ ಹೆಸರು ಹೇಳಿ ಹೆತ್ತವರನ್ನು ಕೈಬಿಡುವುದು. ನಿಮ್ಮ ಸಂಪ್ರದಾಯದಿಂದ ದೇವರ ವಾಕ್ಯವನ್ನೇ ನಿರರ್ಥಕ ಮಾಡುತ್ತಿದ್ದೀರಿ ಅಂತ ಯೇಸು ನೇರವಾಗಿ ಬೈಯುತ್ತಾನೆ. ಇದು ಇವತ್ತಿಗೂ ನಡೆಯುತ್ತದೆ. ವಾರವಿಡೀ ಉಪವಾಸ ಪ್ರಾರ್ಥನೆ, ರಾತ್ರಿ ಪ್ರಾರ್ಥನೆ, ಬೇರೆ ಊರಿನ ಕೂಟ. ಮನೆಯಲ್ಲಿ ಅಪ್ಪನ ಬಿ.ಪಿ. ಗುಳಿಗೆ ಮುಗಿದು ನಾಲ್ಕು ದಿನ. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಪೌಲನ ಮಾತು ಇನ್ನೂ ಖಾರ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅನ್ನುತ್ತಾನೆ. ಇಷ್ಟು ಸ್ಪಷ್ಟವಾಗಿ ಬರೆದಿದ್ದನ್ನು ನಾವು ಯಾಕೆ ಪ್ರಸಂಗದಲ್ಲಿ ಅಷ್ಟೊಂದು ಕೇಳುವುದಿಲ್ಲವೋ.

ಶಿಲುಬೆಯ ಮೇಲೆ ತೂಗುತ್ತಿದ್ದಾಗಲೂ ಯೇಸು ತನ್ನ ತಾಯಿಯನ್ನು ಯಾರು ನೋಡಿಕೊಳ್ಳಬೇಕು ಅಂತ ಏರ್ಪಾಡು ಮಾಡಿದ. ಯೋಹಾನನ ಸುವಾರ್ತೆಯಲ್ಲಿದೆ. ಲೋಕ ರಕ್ಷಿಸುವ ಕೆಲಸದ ನಡುವೆ ಅವ್ವನ ಊಟ, ಅವ್ವನ ನೆರಳು ಅವನಿಗೆ ಸಣ್ಣ ವಿಷಯವಾಗಿರಲಿಲ್ಲ. ಇದನ್ನು ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯವರ ಮೇಲಿನ ಪ್ರೀತಿ ಅನ್ನುವುದನ್ನು ನಮ್ಮಲ್ಲಿ ಹೆಚ್ಚಾಗಿ ಸೊಸೆಯ ಬೆನ್ನಿಗೆ ಕಟ್ಟಿಬಿಡುತ್ತಾರೆ. ನನ್ನ ಗಂಡ ಅವರ ತಾಯಿಯ ಬಟ್ಟೆ ಬದಲಿಸುತ್ತಾರೆ, ಸ್ನಾನ ಮಾಡಿಸಲು ಎತ್ತಿ ಕೂರಿಸುತ್ತಾರೆ. ಮೊದಮೊದಲು ನೆಂಟರು "ಗಂಡಸು ಆಗಿ..." ಅಂತ ಎಳೆದರು. ಶಿಷ್ಯರ ಕಾಲು ತೊಳೆದವನು ಗಂಡಸೇ ಅಲ್ವಾ? ಟವೆಲ್ ಸೊಂಟಕ್ಕೆ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿಕೊಂಡು, ಬಗ್ಗಿ ಕೂತು ತೊಳೆದ.

ಇನ್ನೊಂದು ಮಾತು ಇದಕ್ಕಿಂತ ಗಂಭೀರ. ಕುಡಿದು ಬಂದು ಹೊಡೆಯುವ ಗಂಡನ ಹೆಂಡತಿಗೆ "ತಾಳ್ಕೊಳ್ಳವ್ವಾ, ಪ್ರಾರ್ಥನಿ ಮಾಡು, ಪ್ರೀತಿ ಎಲ್ಲಾ ಸಹಿಸ್ಕೊಂತೈತಿ" ಅಂತ ಹೇಳಿ ಕಳಿಸುವುದನ್ನು ನಾನು ಕೇಳಿದ್ದೇನೆ. ಅದೇ 13ನೇ ಅಧ್ಯಾಯವನ್ನು ತೆಗೆದು ಅವಳ ಬಾಯಿ ಮುಚ್ಚಿಸುತ್ತಾರೆ. ಪ್ರೀತಿ ಅನ್ಯಾಯವನ್ನು ನೋಡಿ ಸಂತೋಷಪಡುವುದಿಲ್ಲ ಅಂತ ಅಲ್ಲೇ ಆರನೇ ವಚನದಲ್ಲಿ ಬರೆದಿದೆ. ಅವಳ ಜೊತೆ ಕೂತು ಅಳಿ, ಪ್ರಾರ್ಥಿಸಿ. ಆಮೇಲೆ ಆ ರಾತ್ರಿ ಅವಳು ಎಲ್ಲಿ ಮಲಗುತ್ತಾಳೆ ಅಂತ ನೋಡಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿಕೊಡಿ, ಜೀವಕ್ಕೆ ಅಪಾಯ ಇದ್ದರೆ 112ಕ್ಕೆ. ಮಾಳಿಗೆಗೆ ಗೋಡೆ ಕಟ್ಟು ಅಂದ ದೇವರು, ಅಂಚಿನಲ್ಲಿ ನಿಂತವಳನ್ನು ನೋಡಿ ಸುಮ್ಮನಿರು ಅನ್ನುತ್ತಾನಾ?

ಇನ್ನು ಓಣಿ.

ಬಳ್ಳಾರಿ ಕ್ರೈಸ್ತರಿಗೆ ನಮ್ಮ ಚರಿತ್ರೆಯ ಬಗ್ಗೆ ಹೆಮ್ಮೆ ಇದೆ. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದರು. 1831ರಲ್ಲಿ ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬಂದದ್ದು ಇದೇ ಊರಿನಿಂದ. ಮಿಷನ್‌ನವರ ವಾರ್ಡ್ಲಾ ಶಾಲೆಯಲ್ಲಿ ಓದಿದೆವು ಅಂತ ಹೇಳುವ ಹಿರಿಯರು ಎಲ್ಲ ಜಾತಿಯಲ್ಲೂ, ಎಲ್ಲ ಧರ್ಮದಲ್ಲೂ ಸಿಗುತ್ತಾರೆ. ನನ್ನ ತವರು ಮುದಗಲ್ ಕಡೆ. ಅಲ್ಲಿ ಕೆಥೊಲಿಕ್ ಕ್ರೈಸ್ತರು ನೂರಾರು ವರ್ಷಗಳಿಂದ ಇದ್ದಾರೆ. 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಆಯಿತು, ರಾಯಚೂರು, ಕೊಪ್ಪಳ ಸೀಮೆಯೂ ಈಗ ಅದರೊಳಗೇ ಇದೆ. ಇಷ್ಟೆಲ್ಲ ಇದ್ದರೂ ನಾವು ಸಂಖ್ಯೆಯಲ್ಲಿ ಸ್ವಲ್ಪವೇ. 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತ ಕಡಿಮೆ, ನಮ್ಮ ಕಡೆಯಂತೂ ಇನ್ನೂ ಕಡಿಮೆ. ಅಂದರೆ ನಮ್ಮ ಎಡಕ್ಕೆ, ಬಲಕ್ಕೆ, ಎದುರಿಗೆ ಇರುವವರು ಬಹುಪಾಲು ಕ್ರೈಸ್ತರಲ್ಲ. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಅಂದರೆ ನಮ್ಮ ಪಾಲಿಗೆ ಅವರನ್ನೇ.

ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ವಾರ ಆಗುತ್ತದೆ, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ. ಯಾವ ಹೊತ್ತಿಗೆ ಬಿಡುತ್ತಾರೆ ಅನ್ನುವುದೂ ಖಚಿತವಿಲ್ಲ. ಮೊದಲು ನೋಡಿದವರು ಕೂಗಬೇಕು. "ನೀರ್ ಬಂದಾವ್ರೀ!" ಅಂತ. ಎದುರು ಮನೆಯ ಆಪಾ ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೋಗುತ್ತಾರೆ. ಅವರ ಡ್ರಮ್ಮು ನಮ್ಮ ಪೈಪಿನಿಂದ ತುಂಬುತ್ತದೆ. ನಾವು ಊರಿಗೆ ಹೋದಾಗ ನಮ್ಮ ನೀರಿನ ಸಂಪ್‌ಗೆ ಅವರ ಮಗ ಪೈಪ್ ಇಡುತ್ತಾನೆ. ದೂರದಲ್ಲಿರುವ ಅಣ್ಣತಮ್ಮನಿಗಿಂತ ಹತ್ತಿರದ ನೆರೆಯವನು ಲೇಸು ಅಂತ ಜ್ಞಾನೋಕ್ತಿಗಳಲ್ಲಿದೆ. ಅದನ್ನು ಬರೆದವನ ಊರಲ್ಲೂ ನೀರಿನ ತಾಪತ್ರಯ ಇತ್ತೋ ಏನೋ.

ಹಬ್ಬಗಳ ಮಾತು ಬಂದರೆ ಸ್ವಲ್ಪ ಬಿಡಿಸಿ ಹೇಳಬೇಕು. ಕ್ರಿಸ್‌ಮಸ್‌ಗೆ ನಾವು ಕೇಕ್ ಮಾಡುತ್ತೇವೆ, ಅದಕ್ಕೆ ಮೊಟ್ಟೆ ಬೀಳುತ್ತದೆ. ಪಕ್ಕದ ಮನೆಯವರು ಲಿಂಗಾಯತರು. ಅವರಿಗೆ ಅಂತ ಕರ್ಜಿಕಾಯಿ, ಚಕ್ಕುಲಿಯನ್ನು ಮೊದಲೇ, ಹೊಸ ಎಣ್ಣೆಯಲ್ಲಿ, ಬೇರೆ ಬಾಣಲೆಯಲ್ಲಿ ಕರಿದು ಎತ್ತಿಡುತ್ತೇವೆ. ಅದು ಅವರಿಗೆ ಗೊತ್ತು. ಗೊತ್ತಿರುವುದರಿಂದಲೇ ಅನುಮಾನವಿಲ್ಲದೆ ತಿನ್ನುತ್ತಾರೆ. ನಮಗೆ ಇಷ್ಟವಾದದ್ದನ್ನು ಅವರ ಕೈಗೆ ಹಿಡಿಸಿ, ತಿನ್ನದಿದ್ದರೆ ಬೇಜಾರು ಮಾಡಿಕೊಳ್ಳುವುದು ಯಾವ ಪ್ರೀತಿ? ರಂಜಾನಿಗೆ ಆಪಾ ಮನೆಯಿಂದ ಸುರಕುಂಬಾ ಬರುತ್ತದೆ, ಯುಗಾದಿಗೆ ಪಕ್ಕದ ಅಕ್ಕನ ಮನೆಯಿಂದ ಹೋಳಿಗೆ.

ದೇವರಿಗೆ ಎಡೆ ಹಿಡಿದದ್ದನ್ನು ತಿನ್ನಬಹುದಾ ಅನ್ನುವ ಪ್ರಶ್ನೆ ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಇದ್ದೇ ಇದೆ. ಪೌಲನು ಇದರ ಬಗ್ಗೆ ಕೊರಿಂಥದವರಿಗೆ ಉದ್ದಕ್ಕೆ ಬರೆದಿದ್ದಾನೆ. ನಂಬಿಕೆಯಿಲ್ಲದವರು ಊಟಕ್ಕೆ ಕರೆದರೆ, ಬಡಿಸಿದ್ದನ್ನು ಏನೂ ವಿಚಾರಿಸದೆ ಉಣ್ಣಿರಿ ಅನ್ನುತ್ತಾನೆ. ಇದು ನೈವೇದ್ಯಕ್ಕೆ ಇಟ್ಟದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವರ ಮನಸ್ಸಾಕ್ಷಿಯ ಸಲುವಾಗಿ ಬಿಡಿ ಅನ್ನುತ್ತಾನೆ. ನಮ್ಮ ಪಕ್ಕದ ಅಕ್ಕನಿಗೆ ಇದು ಹೇಗೋ ತಿಳಿದಿದೆ. ಎಡೆಗೆ ಮೊದಲೇ ನಮ್ಮ ಪಾಲಿನ ಹೋಳಿಗೆ ತೆಗೆದಿಟ್ಟು, "ಇದು ನಿಮಗಂತ ಬ್ಯಾರೆ ಇಟ್ಟೀನ್ರೀ" ಅಂತ ತಂದುಕೊಡುತ್ತಾರೆ. ನಾವು ಅವರ ಎಣ್ಣೆಯನ್ನು ನೋಡಿಕೊಂಡೆವು, ಅವರು ನಮ್ಮ ಮನಸ್ಸಾಕ್ಷಿಯನ್ನು ನೋಡಿಕೊಂಡರು. ಈ ಬಗ್ಗೆ ನಾವಿಬ್ಬರೂ ಎಂದೂ ಕೂತು ಚರ್ಚೆ ಮಾಡಿಲ್ಲ.

ಹೀಗೆ ಇರುವುದನ್ನು ನಾನು ಕಲಿತದ್ದು ಚರ್ಚಿನಲ್ಲಿ ಮಾತ್ರ ಅಲ್ಲ. ಮುದಗಲ್ಲಿನ ಮೊಹರಂ ನೋಡಿ ಬೆಳೆದವಳು ನಾನು. ಅಲಾಯಿ ಕುಣಿಯುವವರಲ್ಲಿ ಹಿಂದೂಗಳು ಎಷ್ಟೋ ಜನ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಜೋಳದ ರೊಟ್ಟಿ ಟ್ರ್ಯಾಕ್ಟರ್‌ಗಟ್ಟಲೆ ಬರುತ್ತದೆ. ದಾಸೋಹಕ್ಕೆ ಕೂತವನ ಹೆಸರು, ಜಾತಿ ಯಾರೂ ಕೇಳುವುದಿಲ್ಲ. ರೊಟ್ಟಿ ಬಡಿದ ಕೈ ಯಾವುದು ಅಂತ ಉಂಡವನಿಗೂ ಗೊತ್ತಿಲ್ಲ. ನಮ್ಮ ನಂಬಿಕೆ ಬೇರೆ. ಆದರೆ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಯೇಸು ಹೇಳಿದ್ದನ್ನು ಆ ರೊಟ್ಟಿ ರಾಶಿಯ ಮುಂದೆ ನಿಂತು ನೆನೆದಿದ್ದೇನೆ.

ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಎಲ್ಲರೂ ಕೇಳಿರುತ್ತೀರಿ. ಸಮಾರ್ಯದವರು ಅಂದರೆ ಯೆಹೂದ್ಯರು ದೂರವಿಟ್ಟಿದ್ದ ಜನ. ಗಾಯಗೊಂಡು ಬಿದ್ದವನಿಗೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ಕತ್ತೆ ಮೇಲೆ ಹತ್ತಿಸಿ, ಛತ್ರಕ್ಕೆ ಒಯ್ದ. ಇಲ್ಲಿಯವರೆಗೆ ಎಲ್ಲರಿಗೂ ನೆನಪಿರುತ್ತದೆ. ಮುಂದಿನದು ನನಗೆ ಮುಖ್ಯ. ಮಾರನೇ ದಿನ ಅವನು ಛತ್ರದವನಿಗೆ ಎರಡು ದಿನಾರಿ ಕೊಟ್ಟ. ಒಂದು ದಿನಾರಿ ಅಂದರೆ ಆಗಿನ ಒಂದು ದಿನದ ಕೂಲಿ. ಇವನನ್ನು ನೋಡಿಕೋ, ಇನ್ನೂ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅಂದ. ಎಲ್ಲವನ್ನೂ ತಾನೇ ಮಾಡಲಿಲ್ಲ. ಏರ್ಪಾಡು ಮಾಡಿದ, ತನ್ನ ಕೆಲಸಕ್ಕೆ ಹೋದ, ಆದರೆ ಮರೆಯಲಿಲ್ಲ.

ವಿಮ್ಸ್ ಅಂತ ನಾವು ಕರೆಯುವ ದೊಡ್ಡಾಸ್ಪತ್ರೆಗೆ ರಾಯಚೂರು, ಕೊಪ್ಪಳ, ಆಂಧ್ರದ ಕಡೆಯಿಂದೆಲ್ಲ ಜನ ಬರುತ್ತಾರೆ. ಒಳಗೆ ರೋಗಿ, ಹೊರಗೆ ಚಾಪೆ ಹಾಸಿಕೊಂಡ ಮನೆಯವರು. ಅವರಿಗೆ ಬೇಕಾದದ್ದು ಏನು ಅಂತ ಕೇಳಿ ನೋಡಿ. ರೇಷನ್ ಕಾರ್ಡ್ ಜೆರಾಕ್ಸ್ ಎಲ್ಲಿ ಮಾಡಿಸಬೇಕು, ಯಾವ ಕೌಂಟರಿಗೆ ನಿಲ್ಲಬೇಕು, ರಕ್ತ ಬರೆದುಕೊಟ್ಟಿದ್ದಾರೆ ಯಾರನ್ನು ಕೇಳಬೇಕು. ನಮ್ಮ ಸಭೆಯ ಒಬ್ಬ ಆಟೋ ಅಣ್ಣ ಬಿಡುವಾದಾಗ ಅಲ್ಲಿ ಹೋಗಿ ನಿಲ್ಲುತ್ತಾರೆ. ಓದು ಬರದವರ ಚೀಟಿ ಓದಿ ಹೇಳುತ್ತಾರೆ, ಸಾಲಿನಲ್ಲಿ ಅವರ ಬದಲು ನಿಂತು ಅವರನ್ನು ಉಣ್ಣಲು ಕಳಿಸುತ್ತಾರೆ. ಅವರ ಕೈಯಲ್ಲಿ ಬೈಬಲ್ಲೂ ಇರುವುದಿಲ್ಲ, ಹಂಚುವ ಕರಪತ್ರವೂ ಇರುವುದಿಲ್ಲ.

ಇದನ್ನು ಬೇಕಂತಲೇ ಬರೆದೆ. ನಮ್ಮ ಪ್ರೀತಿಯ ಬಗ್ಗೆ ಜನರಿಗೆ ಅನುಮಾನ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಕ್ಕಿ ಕೊಟ್ಟರೆ ಮತಾಂತರಕ್ಕೆ, ಆಸ್ಪತ್ರೆಗೆ ಬಂದರೆ ಮತಾಂತರಕ್ಕೆ ಅನ್ನುತ್ತಾರೆ. ಎಷ್ಟೋ ಸಲ ಅದು ಅನ್ಯಾಯದ ಮಾತು. ಆದರೆ ಸಹಾಯದ ಹಿಂದೆ ಗಾಳ ಇಟ್ಟುಕೊಂಡು ಹೋಗುವವರು ನಮ್ಮಲ್ಲಿ ಯಾರೂ ಇಲ್ಲ ಅಂತ ನಾನು ಹೇಳಲಾರೆ. ಲೂಕನ ಸುವಾರ್ತೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾದರು. ತಿರುಗಿ ಬಂದು ವಂದಿಸಿದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಅಂತ ಯೇಸು ಕೇಳಿದ, ನಿಜ. ಅವರ ರೋಗವನ್ನು ತಿರುಗಿ ಅವರ ಮೈಗೆ ಹಾಕಲಿಲ್ಲ. ಹತ್ತು ಮಂದಿಯೂ ವಾಸಿಯಾಗೇ ಉಳಿದರು. ನಮ್ಮ ಸಹಾಯಕ್ಕೆ ಇದೇ ಅಳತೆ ಅಂತ ನಾನು ತಿಳಿದಿದ್ದೇನೆ. ನಿಮ್ಮ ನಂಬಿಕೆ ಏನು ಅಂತ ಯಾರಾದರೂ ಕೇಳಿದರೆ ಹೇಳುತ್ತೇನೆ, ಸಂತೋಷದಿಂದ ಹೇಳುತ್ತೇನೆ. ಹಾಗೆ ಹೇಳುವಾಗಲೂ ಮೃದುವಾಗಿ, ಮರ್ಯಾದೆಯಿಂದ ಹೇಳಿ ಅಂತ ಪೇತ್ರ ಬರೆದಿದ್ದಾನೆ. ಕೇಳದಿದ್ದರೆ ಅವರ ಡ್ರಮ್ಮು ಆಗಲೂ ತುಂಬುತ್ತದೆ.

ಮೈಕಿನ ವಿಷಯವೂ ಇದಕ್ಕೇ ಸೇರಿದ್ದು. ಬೆಳಗಿನ ಜಾವ ಎದ್ದು ದೊಡ್ಡ ದನಿಯಲ್ಲಿ ನೆರೆಯವನನ್ನು ಆಶೀರ್ವದಿಸಿದರೆ ಅದು ಶಾಪ ಅಂತಲೇ ಎಣಿಕೆಯಾಗುತ್ತದೆ ಅಂತ ಜ್ಞಾನೋಕ್ತಿಗಳ 27ನೇ ಅಧ್ಯಾಯದಲ್ಲಿದೆ. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಹುಡುಗರು ಓದುತ್ತಿರುವಾಗ ಕೂಟದ ಮೈಕ್ ಹತ್ತೂವರೆವರೆಗೆ ಹಾಕಬೇಕಾ? ಬೇರೆಯವರೂ ಹಾಕುತ್ತಾರೆ ಅನ್ನುವುದು ಉತ್ತರವಲ್ಲ.

ಕೊನೆಗೆ ನನ್ನ ಮನಸ್ಸಿನಲ್ಲಿ ಈಗ ಜಾಸ್ತಿ ಕೊರೆಯುತ್ತಿರುವ ವಿಷಯ. ಬಳ್ಳಾರಿ ಜೀನ್ಸ್ ಅಂದರೆ ಎಲ್ಲರಿಗೂ ಗೊತ್ತು. ಹೊಲಿಗೆ ಆದ ಪ್ಯಾಂಟುಗಳನ್ನು ಮನೆಗೆ ತಂದು, ಬಾಗಿಲಲ್ಲಿ ಕೂತು ಉಳಿದ ದಾರ ಕತ್ತರಿಸುವ ಹೆಂಗಸರು ನಮ್ಮ ಓಣಿಯಲ್ಲೂ ಇದ್ದಾರೆ. ಪೀಸಿಗೆ ಇಷ್ಟು ಅಂತ ಲೆಕ್ಕ. ಕತ್ತರಿ ಹಿಡಿದು ಹೆಬ್ಬೆರಳು ಜಡ್ಡುಗಟ್ಟಿರುತ್ತದೆ, ನೀಲಿ ಬಣ್ಣ ಉಗುರಿನ ಸಂದಿನಿಂದ ಹೋಗುವುದೇ ಇಲ್ಲ. ಶನಿವಾರ ಬಟವಾಡೆ ಆಗಬೇಕು. "ಪಾರ್ಟಿ ಪೇಮೆಂಟ್ ಬಂದಿಲ್ಲವ್ವಾ, ಮುಂದಿನ ವಾರ ಬಾ" ಅನ್ನುವ ಮಾತು ಅವರಿಗೆ ರೂಢಿಯಾಗಿದೆ.

ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅಂತ ಯಾಜಕಕಾಂಡದ 19ನೇ ಅಧ್ಯಾಯದ 13ನೇ ವಚನ ಹೇಳುತ್ತದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವುದು ಅದೇ ಅಧ್ಯಾಯದ 18ನೇ ವಚನ. ನಡುವೆ ನಾಲ್ಕೇ ವಚನ. ಯೇಸು ಎತ್ತಿ ಹೇಳಿದ ಆ ಆಜ್ಞೆ ಬಂದದ್ದೇ ಕೂಲಿ, ತೂಕ, ಕಿವುಡರು, ಕುರುಡರು, ಹೊಲದ ಮೂಲೆಯಲ್ಲಿ ಬಡವರಿಗೆ ಬಿಡಬೇಕಾದ ತೆನೆ ಇವೆಲ್ಲದರ ಮಧ್ಯದಿಂದ. ಕೊಯ್ದವರ ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ಕೂಗುತ್ತದೆ, ದೇವರ ಕಿವಿಗೆ ಬೀಳುತ್ತದೆ ಅಂತ ಯಾಕೋಬನು ಬರೆದ.

ನಮ್ಮ ಸಭೆಗಳಲ್ಲಿ ಸಣ್ಣ ಪುಟ್ಟ ಘಟಕ ನಡೆಸುವವರಿದ್ದೀರಿ. ಅಂಗಡಿ ಇಟ್ಟವರಿದ್ದೀರಿ, ಮನೆಕೆಲಸಕ್ಕೆ ಜನ ಇಟ್ಟುಕೊಂಡವರಿದ್ದೀರಿ. ನಿಮ್ಮ ಕಷ್ಟವೂ ನನಗೆ ಗೊತ್ತು, ದುಡ್ಡು ನಿಜಕ್ಕೂ ತಡವಾಗುತ್ತದೆ. ಆದರೆ ಡಿಸೆಂಬರ್ ಹತ್ತಿರ ಬಂತು. ಮಾಳಿಗೆ ಮೇಲೆ ಸ್ಟಾರ್ ಕಟ್ಟುವ ಮೊದಲು, ಕ್ಯಾರಲ್ ತಂಡಕ್ಕೆ ಕಾಣಿಕೆ ಬರೆಸುವ ಮೊದಲು, ದಾರ ಕತ್ತರಿಸಿದವರ ಬಾಕಿ ಬಟವಾಡೆ ಮುಗಿಸಿಬಿಡಿ. ಅವರನ್ನು ಕರೆಸಬೇಡಿ. ಲೆಕ್ಕದ ಪುಸ್ತಕ ಹಿಡಿದು ನೀವೇ ಅವರ ಬಾಗಿಲಿಗೆ ಹೋಗಿ ಕೊಟ್ಟು ಬನ್ನಿ.